ಹಳೆಯ ಎರಕದ ಗುಂಡು: ಹಾರಿಸುವುದೋ, ಕರಗಿಸುವುದೋ?

ಸೀಸವನ್ನು ಕರಗಿಸಿ, ಅಚ್ಚಿಗೆ ಹೊಯ್ದು, ತಮ್ಮ ಬಂದೂಕಿಗೆ ಬೇಕಾದ ಗುಂಡನ್ನು ತಾವೇ ತಯಾರಿಸಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಇಂದಿಗೂ ಜೀವಂತವಾಗಿದೆ. ಇಂತಹ ಹವ್ಯಾಸಿಗಳು ಕಾಲವಾದ ನಂತರ ಅವರ ಕಪಾಟುಗಳಲ್ಲಿ ಡಬ್ಬಿಗಟ್ಟಲೆ ಗುಂಡುಗಳು ಉಳಿಯುತ್ತವೆ. ಯಾವಾಗ ಎರೆದದ್ದು, ಯಾವ ಬಂದೂಕಿಗೆಂದು ಎರೆದದ್ದು, ಯಾವ ಲೋಹದ್ದು ಎಂಬ ವಿವರ ಬಹುತೇಕ ಡಬ್ಬಿಗಳ ಮೇಲೆ ಇರುವುದಿಲ್ಲ. ವಾರಸುದಾರರ ಮುಂದೆ ಆಗ ಏಳುವ ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಅವುಗಳನ್ನು ಹಾಗೆಯೇ ಹಾರಿಸಬಹುದೇ ಅಥವಾ ಮತ್ತೆ ಕರಗಿಸಿ ಗಟ್ಟಿ ಮಾಡಿಡಬೇಕೇ? ನಳಿಗೆಯ ಸುರಕ್ಷತೆ, ಗುರಿಯ ನಿಖರತೆ ಹಾಗೂ ಮನೆಮಂದಿಯ ಆರೋಗ್ಯ ಈ ಮೂರೂ ಈ ತೀರ್ಮಾನವನ್ನು ಅವಲಂಬಿಸಿವೆ.

ಎರಕದ ಗುಂಡು ಎಂದರೇನು?

ಆಡುಮಾತಿನಲ್ಲಿ ನಾವು 'ಗುಂಡು' ಎಂದು ಕರೆಯುವುದು ಹೆಚ್ಚಾಗಿ ಇಡೀ ತೋಟಾವನ್ನು. ತೋಟಾದಲ್ಲಿ ಹಿತ್ತಾಳೆಯ ಕವಚ, ಕಿಡಿ ಹೊತ್ತಿಸುವ ಕ್ಯಾಪ್, ಮದ್ದು ಮತ್ತು ತುದಿಯಲ್ಲಿ ಕೂರುವ ಲೋಹದ ತುಂಡು ಇರುತ್ತವೆ. ಎರಕದ ಗುಂಡು ಎಂದರೆ ಈ ಕೊನೆಯ ತುಂಡು ಮಾತ್ರ. ಅದರಲ್ಲಿ ಮದ್ದಿಲ್ಲ, ಸ್ಫೋಟಕ ಗುಣವಿಲ್ಲ.

ಶುದ್ಧ ಸೀಸ ಬಹಳ ಮೆದು. ಬ್ರಿನೆಲ್ ಮಾಪಕದಲ್ಲಿ ಅದರ ಗಡಸುತನ ಸುಮಾರು 5. ಆದ್ದರಿಂದ ಅದಕ್ಕೆ ತವರ ಮತ್ತು ಆಂಟಿಮನಿ ಬೆರೆಸುತ್ತಾರೆ. ತವರ ಬೆರೆತರೆ ಲೋಹ ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ಆಂಟಿಮನಿ ಗಡಸುತನ ಕೊಡುತ್ತದೆ. ಶೇ 90 ಸೀಸ, ಶೇ 5 ತವರ, ಶೇ 5 ಆಂಟಿಮನಿ ಇರುವ 'ಲೈಮನ್ ನಂ. 2' ಎಂಬ ಪ್ರಸಿದ್ಧ ಮಿಶ್ರಣದ ಗಡಸುತನ ಸುಮಾರು 15. ಮುದ್ರಣಾಲಯಗಳ ಲೈನೋಟೈಪ್ ಲೋಹದಲ್ಲಿ ಶೇ 84 ಸೀಸ, ಶೇ 12 ಆಂಟಿಮನಿ, ಶೇ 4 ತವರ ಇದ್ದು, ಗಡಸುತನ ಸುಮಾರು 22. ಪತ್ರಿಕೆಗಳು ಆಫ್‌ಸೆಟ್ ಮುದ್ರಣಕ್ಕೆ ಬದಲಾದಾಗ ಅಲ್ಲಿನ ಮುದ್ರಣಾಲಯಗಳ ಹಳೆಯ ಲೋಹ ಗುಂಡು ಎರೆಯುವವರ ಕೈಸೇರಿತು. ಕನ್ನಡದ ಅಚ್ಚುಮೊಳೆಗಳೂ ಇದೇ ಸೀಸ, ತವರ, ಆಂಟಿಮನಿಗಳ ಕುಟುಂಬಕ್ಕೆ ಸೇರಿದವು ಎಂಬುದನ್ನು ಇಲ್ಲಿ ನೆನೆಯಬಹುದು.

ಸೀಸಕ್ಕೆ ವಯಸ್ಸಾಗುತ್ತದೆಯೇ?

ಒಣ ಜಾಗದಲ್ಲಿಟ್ಟ ಸೀಸದ ಗುಂಡು ದಶಕಗಳ ಕಾಲ ಕೆಡುವುದಿಲ್ಲ. ಆದರೆ ಅದು ಬದಲಾಗುವುದೇ ಇಲ್ಲವೆಂದೂ ಹೇಳಲಾಗದು. ಆಂಟಿಮನಿ ಬೆರೆತ ಗುಂಡು ಎರೆದ ನಂತರದ ಕೆಲವು ದಿನಗಳಿಂದ ವಾರಗಳವರೆಗೆ ಗಡಸಾಗುತ್ತ ಹೋಗುತ್ತದೆ. ಅಚ್ಚಿನಿಂದ ನೇರವಾಗಿ ನೀರಿಗೆ ಬೀಳಿಸಿ ತಣಿಸಿದ ಗುಂಡು ಇನ್ನೂ ಹೆಚ್ಚು ಗಡಸಾಗುತ್ತದೆ. ಆದರೆ ಹೀಗೆ ಗಳಿಸಿದ ಗಡಸುತನ ಶಾಶ್ವತವಲ್ಲ. ವರ್ಷಗಳು ಕಳೆದಂತೆ ನಿಧಾನವಾಗಿ ಕುಂದುತ್ತದೆ. ಡಬ್ಬಿಯ ಮೇಲೆ ಗಡಸುತನದ ಅಂಕಿ ಬರೆದಿದ್ದರೂ ಅದು ಎರೆದ ದಿನಗಳ ಅಂಕಿಯೇ ಹೊರತು ಇಂದಿನದಲ್ಲ.

ಗುಂಡಿಗಿಂತ ಮೊದಲು ಕೆಡುವುದು ಅದರ ಸುತ್ತಲಿನ ಗೀರುಗಳಲ್ಲಿ ತುಂಬಿದ ಮೇಣ. ಜೇನುಮೇಣ ಮೊದಲಾದವುಗಳಿಂದ ಮಾಡಿದ ಈ ಜಾರುಪದಾರ್ಥ ಒಣಗಿ, ಬಿರಿದು, ಉದುರುತ್ತದೆ. ಮೇಣವಿಲ್ಲದ ಗುಂಡು ನಳಿಗೆಯೊಳಗೆ ಸೀಸವನ್ನು ಬಳಿಯುತ್ತ ಹೋಗುತ್ತದೆ. ಆದರೆ ಇದು ಗುಂಡನ್ನು ಕರಗಿಸಲು ಸಾಕಾಗುವ ಕಾರಣವಲ್ಲ. ಹಳೆಯ ಮೇಣವನ್ನು ತೆಗೆದು ಹೊಸದನ್ನು ಹಚ್ಚಬಹುದು.

ಹಾರಿಸುವ ಮುನ್ನ ನಾಲ್ಕು ಪರೀಕ್ಷೆ

ಮೊದಲನೆಯದು ವ್ಯಾಸ. ನಳಿಗೆಯ ಒಳಗೆರೆಗಳ ಆಳದ ಅಳತೆಗಿಂತ ಗುಂಡು ಒಂದು ಇಂಚಿನ ಸಾವಿರದಲ್ಲೊಂದು ಭಾಗದಷ್ಟು ದಪ್ಪವಿರಬೇಕೆಂಬುದು ಸಾಮಾನ್ಯ ನಿಯಮ. ಉದಾಹರಣೆಗೆ .38 ಸ್ಪೆಷಲ್ ರಿವಾಲ್ವರಿಗೆ .358 ಇಂಚಿನ ಎರಕದ ಗುಂಡು ವಾಡಿಕೆ. ಗುಂಡು ಸಣಕಲಾಗಿದ್ದರೆ ಬಿಸಿ ಅನಿಲ ಅದರ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ; ನಳಿಗೆ ಕೊಳೆಯಾಗುತ್ತದೆ, ಗುರಿ ತಪ್ಪುತ್ತದೆ. ದಪ್ಪಗಿದ್ದರೆ ತಕ್ಕ ಅಳತೆಯ ರಂಧ್ರದಲ್ಲಿ ಹಾಯಿಸಿ ಸರಿಪಡಿಸಬಹುದು. ಹೀಗಾಗಿ ಮೈಕ್ರೋಮೀಟರ್ ಇಲ್ಲದೆ ಈ ತೀರ್ಮಾನಕ್ಕೆ ಬರಬಾರದು.

ಎರಡನೆಯದು ತಳ. ಮೂತಿಯ ಮೇಲಿನ ಸಣ್ಣ ತಗ್ಗು ಅಷ್ಟಾಗಿ ಬಾಧಿಸದು. ಗುಂಡು ನಳಿಗೆಯಿಂದ ಹೊರಬೀಳುವಾಗ ಅನಿಲದ ಒತ್ತಡ ಕೊನೆಯದಾಗಿ ಬೀಳುವುದು ತಳದ ಮೇಲೆ. ಆದ್ದರಿಂದ ತಳದ ಅಂಚು ಮುರಿದಿದ್ದರೆ ಅಥವಾ ದುಂಡಗಾಗಿದ್ದರೆ ಗುಂಡು ಓರೆಯಾಗಿ ಹೋಗುತ್ತದೆ.

ಮೂರನೆಯದು ತೂಕ. ಒಂದೇ ಅಚ್ಚಿನ ಗುಂಡುಗಳಲ್ಲಿ ಕೆಲವು ಗಮನಾರ್ಹವಾಗಿ ಹಗುರವಿದ್ದರೆ ಒಳಗೆ ಪೊಳ್ಳು ಇರುವ ಸಾಧ್ಯತೆ ಹೆಚ್ಚು. 158 ಗ್ರೇನ್ ಎಂದರೆ ಸುಮಾರು 10.2 ಗ್ರಾಂ. ಇಂತಹ ಸೂಕ್ಷ್ಮ ತೂಕಕ್ಕೆ ತಕ್ಕ ತಕ್ಕಡಿ ಬೇಕು.

ನಾಲ್ಕನೆಯದು ಗಡಸುತನ. ಇದಕ್ಕೆ ಉಪಕರಣಗಳು ಸಿಗುತ್ತವೆ. ಚಿತ್ರಕಾರರು ಬಳಸುವ ಬೇರೆ ಬೇರೆ ಗಡಸುತನದ ಪೆನ್ಸಿಲ್‌ಗಳಿಂದ ಗುಂಡಿನ ಮೇಲೆ ಗೀರಿ ನೋಡುವ ಅಗ್ಗದ ವಿಧಾನವೂ ಬಳಕೆಯಲ್ಲಿದೆ. ಮೆದು ಗುಂಡು ಕಡಿಮೆ ವೇಗದ ರಿವಾಲ್ವರಿಗೆ ಹೊಂದಬಹುದು. ಅದೇ ಗುಂಡು ಹೆಚ್ಚು ವೇಗದ ರೈಫಲ್ಲಿನಲ್ಲಿ ನಳಿಗೆಗೆ ಸೀಸ ಬಳಿಯುತ್ತದೆ.

ಈ ನಾಲ್ಕರಲ್ಲಿಯೂ ತೇರ್ಗಡೆಯಾದ ಗುಂಡನ್ನು ಕರಗಿಸುವುದು ವ್ಯರ್ಥ ಶ್ರಮ. ಅವನ್ನು ಮೊದಲು ಕಡಿಮೆ ಸಂಖ್ಯೆಯಲ್ಲಿ, ಪ್ರಕಟಿತ ಕೈಪಿಡಿ ಹೇಳಿದ ಆರಂಭಿಕ ಪ್ರಮಾಣದ ಮದ್ದಿನೊಂದಿಗೆ ಪರೀಕ್ಷಿಸುವುದು ಅನುಭವಿಗಳ ಕ್ರಮ. ಬಳಕೆ ಯಾವುದಕ್ಕೆ ಎಂಬುದನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡಿನಿಂದ ಬೇಟೆಯಾಡುವುದು 2019ರ ಜುಲೈ 1ರಿಂದ ಸಂಪೂರ್ಣ ನಿಷಿದ್ಧ. ಸೀಸದ ಚೂರುಗಳಿರುವ ಕಳೇಬರ ತಿಂದು ಕಾಂಡೊರ್ ಹದ್ದುಗಳು ಸಾಯುತ್ತಿದ್ದುದು ಇದಕ್ಕೆ ಮುಖ್ಯ ಕಾರಣ.

ಬಿಳಿ ಪುಡಿ ಕಂಡರೆ ಎಚ್ಚರ

ಹಳೆಯ ಗುಂಡು ಬೂದುಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ. ಆ ತೆಳುಪದರ ಲೋಹಕ್ಕೆ ರಕ್ಷಣೆ. ಆದರೆ ಮೈಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಸೀಸದ ಕಾರ್ಬೊನೇಟ್. ಓಕ್ ಮರದ ಪೆಟ್ಟಿಗೆ, ಕಪಾಟುಗಳಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಹೀಗೆ ತಿನ್ನುತ್ತದೆಂಬುದು ವಸ್ತುಸಂಗ್ರಹಾಲಯಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಈ ಪುಡಿ ವಿಷಕಾರಿ. ಅದನ್ನು ಒಣಗಿದ್ದಾಗ ಉಜ್ಜುವುದಾಗಲಿ, ಊದುವುದಾಗಲಿ, ಯಂತ್ರದಲ್ಲಿ ಹಾಕಿ ಹೊರಳಿಸುವುದಾಗಲಿ ಕೂಡದು. ಇಂತಹ ಗುಂಡಿನ ಅಳತೆಯೂ ಕೆಟ್ಟಿರುತ್ತದೆ. ಇದು ಹಾರಿಸತಕ್ಕದ್ದಲ್ಲ.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ರಕ್ತದಲ್ಲಿ ಗಮನಿಸಬೇಕಾದ ಸೀಸದ ಪ್ರಮಾಣವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂಗೆ ಇಳಿಸಿತು. ಕೈ, ಬಟ್ಟೆ, ಪಾದರಕ್ಷೆಗಳ ಮೂಲಕ ಮನೆಯೊಳಗೆ ಬರುವ ಧೂಳೇ ಮಕ್ಕಳಿಗೆ ದೊಡ್ಡ ಅಪಾಯ.

ಕರಗಿಸುವುದಾದರೆ

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈ ಕೆಲಸದಲ್ಲಿ ಅತ್ಯಂತ ಅಪಾಯಕಾರಿಯಾದುದು ನೀರು. ಕರಗಿದ ಸೀಸದ ಮೇಲ್ಮೈಗಿಂತ ಕೆಳಗೆ ಒಂದು ಹನಿ ಸಿಕ್ಕಿದರೂ ಅದು ಕ್ಷಣದಲ್ಲಿ ಉಗಿಯಾಗಿ, ಸೀಸವನ್ನು ಸುತ್ತಲೂ ಎರಚುತ್ತದೆ. ಹಳೆಯ ಗುಂಡಿನ ಪೊಳ್ಳು ಮೂತಿಯಲ್ಲಿ ತೇವ ಅಡಗಿರಬಹುದಾದ್ದರಿಂದ ತಣ್ಣನೆಯ ಪಾತ್ರೆಗೆ ಮೊದಲೇ ಹಾಕಿ ನಂತರ ಕಾಯಿಸುವುದು ಕ್ರಮ. ಮೇಣ ಹೊಗೆಯಾಡಿ ಹೊತ್ತಿಕೊಳ್ಳುವುದರಿಂದ ಕೆಲಸ ಬಯಲಿನಲ್ಲೇ ನಡೆಯಬೇಕು. ಅಡುಗೆಯ ಪಾತ್ರೆ, ಅಡುಗೆಯ ಒಲೆ ಎರಡೂ ನಿಷಿದ್ಧ. ಮೇಲೆ ತೇಲುವ ಕಿಟ್ಟವೂ ಸೀಸದ ಧೂಳೇ. ಅದನ್ನು ಮುಚ್ಚಿದ ಡಬ್ಬಿಯಲ್ಲಿ ಬೇರೆಯಾಗಿ ಇಡಬೇಕು.

ಕರಗಿಸುವುದರಲ್ಲಿ ನಷ್ಟ ಕಡಿಮೆ. ಸ್ವಲ್ಪ ಲೋಹ ಕಿಟ್ಟವಾಗಿ ಹೋಗುತ್ತದೆ, ಒಂದಿಷ್ಟು ಇಂಧನ ಹಾಗೂ ಶ್ರಮ ತಗಲುತ್ತದೆ. ಉಳಿದದ್ದು ಗಟ್ಟಿಯಾಗಿ ಕೈಯಲ್ಲಿರುತ್ತದೆ. ಅಮೆರಿಕದ ಕೊನೆಯ ಪ್ರಾಥಮಿಕ ಸೀಸ ಕುಲುಮೆ, ಮಿಸೌರಿಯ ಹರ್ಕ್ಯುಲೇನಿಯಂನಲ್ಲಿದ್ದದ್ದು, 2013ರ ಡಿಸೆಂಬರಿನಲ್ಲಿ ಮುಚ್ಚಿತು. ವಾಹನದ ಚಕ್ರಗಳಿಗೆ ಕೂರಿಸುವ ಸೀಸದ ತೂಕದ ತುಂಡುಗಳ ಜಾಗಕ್ಕೂ ಉಕ್ಕು, ಸತುವು ಬಂದಿವೆ. ಹೀಗಾಗಿ ಹಳೆಯ ಗುಂಡು ಅಲ್ಲಿನ ಹವ್ಯಾಸಿಗೆ ಒಳ್ಳೆಯ ಕಚ್ಚಾವಸ್ತು.

ಎರಡೂ ಮಾಡಬಾರದ ಸಂದರ್ಭ

ತೋಟಾದಲ್ಲಿ ಕೂಡಿಸಿದ ಗುಂಡನ್ನು ಎಂದಿಗೂ ಕರಗಿಸುವ ಪಾತ್ರೆಗೆ ಹಾಕಬಾರದು, ಅದು ಸಿಡಿಯುತ್ತದೆ. ಇನ್ನೊಬ್ಬರು ಮನೆಯಲ್ಲಿ ತುಂಬಿದ, ಮದ್ದಿನ ಪ್ರಮಾಣ ತಿಳಿಯದ ತೋಟಾವನ್ನು ಹಾರಿಸಲೂ ಬಾರದು. ಮದ್ದು ಹೆಚ್ಚಿದ್ದರೆ ಬಂದೂಕೇ ಒಡೆಯಬಹುದು. ಕಡಿಮೆಯಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಅದರ ಹಿಂದೆ ಹಾರುವ ಮುಂದಿನ ಗುಂಡು ಅನಾಹುತ ಮಾಡುತ್ತದೆ.

ಐತಿಹಾಸಿಕ ಗುಂಡುಗಳ ಮಾತೇ ಬೇರೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾದ ಮಿನಿಯೆ ಗುಂಡುಗಳಿಗೆ ಸೀಸದ ಬೆಲೆಗಿಂತ ಸಂಗ್ರಹಯೋಗ್ಯತೆಯ ಬೆಲೆ ಹೆಚ್ಚು. ಕರಗಿಸಿದರೆ ಆ ಚರಿತ್ರೆ ಮರಳಿ ಬಾರದು.

ಕರ್ನಾಟಕದ ಓದುಗರ ಗಮನಕ್ಕೆ

ನಮ್ಮಲ್ಲಿ ಇದು ಮನೆಯಲ್ಲಿ ಕೈಗೊಳ್ಳಬಹುದಾದ ಹವ್ಯಾಸವಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ನಿಷೇಧಿಸುತ್ತದೆ. ಮದ್ದುಗುಂಡಿನ ಬಿಡಿಭಾಗಗಳೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಗುಂಡು ತಯಾರಿಕೆಗೆ ಕೊಟ್ಟ ಅಪ್ಪಣೆಯೆಂದು ಭಾವಿಸಲಾಗದು. ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಗುಂಡು ಅಥವಾ ತೋಟಾ ಸಿಕ್ಕರೆ ಸಮೀಪದ ಪೊಲೀಸ್ ಠಾಣೆಗೆ ತಿಳಿಸುವುದೇ ಸರಿಯಾದ ಮಾರ್ಗ.

ಒಟ್ಟಿನಲ್ಲಿ, ಹವ್ಯಾಸಕ್ಕೆ ಕಾನೂನಿನ ಅವಕಾಶವಿರುವ ನಾಡುಗಳಲ್ಲಿ ಸೂತ್ರ ಇಷ್ಟೇ. ಗುರುತು ತಿಳಿದು ಅಳತೆ, ತಳ, ತೂಕ, ಗಡಸುತನ ಸರಿಯಿರುವ ಗುಂಡನ್ನು ಹಾರಿಸಬಹುದು. ಮೇಣವಷ್ಟೇ ಕೆಟ್ಟಿದ್ದರೆ ಹೊಸದನ್ನು ಹಚ್ಚಬೇಕು. ಸಂಶಯ ಉಳಿದರೆ ಕರಗಿಸುವುದು ಲೇಸು. ಹಾರಿಸಿದ ಗುಂಡು ಹಿಂದಿರುಗದು. ಕರಗಿಸಿದ ಸೀಸವನ್ನು ಮತ್ತೆ ಬೇಕಾದ ಆಕಾರಕ್ಕೆ ಎರೆಯಬಹುದು. ಹಾಗೆ ಮಾಡಿಟ್ಟ ಗಟ್ಟಿಯ ಮೇಲೆ ಲೋಹದ ವಿವರ, ಗಡಸುತನ ಮತ್ತು ದಿನಾಂಕ ಬರೆದಿಟ್ಟರೆ ಮುಂದಿನ ತಲೆಮಾರಿಗೆ ಇದೇ ಪ್ರಶ್ನೆ ಮತ್ತೆ ಎದುರಾಗದು.