ಮೂರನೇ ಮದ್ದಿನ ಕಾಲಂ

ಆಶಾ ಕಾರ್ಯಕರ್ತೆ ಅಕ್ಕ ತಮ್ಮ ಪುಸ್ತಕ ಬಿಡಿಸುವ ಮೊದಲು ಮಗಳ ಸ್ಕೇಲ್ ತಂದು ಹೆಸರುಗಳ ಮೇಲೆ ಅಡ್ಡ ಇಟ್ಟರು. "ಹೆಸರು ನೋಡ್ಲಿಕ್ಕಿಲ್ಲ ಮಾಷ್ಟ್ರೆ. ಬಾಕಿದ್ದು ಎಷ್ಟು ಬೇಕಾದ್ರೂ ನೋಡಿ."

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಗಡಿ ಒಂದಕ್ಕೊಂದು ಹತ್ತಿರ ಬರುವ ಕಡೆ ನಮ್ಮೂರು. ಕೊರೊನಾ ಲಸಿಕೆಯ ಮೂರನೇ ಡೋಸನ್ನು ನಮ್ಮವರು ಯಾಕೆ ಬಿಟ್ಟರು ಎಂದು ಹುಡುಕಲು ಹೊರಟವನು ನಾನು. ಸ್ಕೇಲಿನ ಬಲಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ತಾರೀಕುಗಳು ಒತ್ತಾಗಿ ಕೂತಿದ್ದವು, ಎರಡನೆಯದರಲ್ಲೂ ಅಷ್ಟೆ. ಮೂರನೆಯದರಲ್ಲಿ ಪೆನ್ಸಿಲಿನಲ್ಲಿ ಮೇಲಿಂದ ಕೆಳಗೆ ಒಂದೇ ಶಬ್ದ: ಬಾಕಿ, ಬಾಕಿ, ಬಾಕಿ.

ದೇಶದ ಲೆಕ್ಕವೂ ಇದೇ ಅಚ್ಚಿನದ್ದು. ಮೊದಲ ಡೋಸ್ 102 ಕೋಟಿ ದಾಟಿತು, ಎರಡನೆಯದು 95 ಕೋಟಿ. ಮೂರನೆಯದು 23 ಕೋಟಿಯನ್ನೂ ಮುಟ್ಟಲಿಲ್ಲ. ಇದಕ್ಕೆ ದೊಡ್ಡ ಊರುಗಳ ಪಂಡಿತರು ಕೊಡುವ ಕಾರಣ 'ಹಿಂಜರಿಕೆ'. ಆ ಶಬ್ದದ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಒಂದನೆಯದ್ದಕ್ಕೆ ಬೆಳಿಗ್ಗೆ ಐದು ಗಂಟೆಗೆ ಟೋಕನ್ ಹಿಡಿದು ನಿಂತವರು ಒಂದು ವರ್ಷದೊಳಗೆ ಹಿಂಜರಿಯಲು ಕಲಿತರೇ?

ಅಕ್ಕನ ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳಿದ್ದವು. ಇಲಾಖೆ ಕೇಳದ, ಯಾವ ವರದಿಗೂ ಹೋಗದ ಬರಹ. 'ಗಾಡಿ ಇಲ್ಲ.' 'ಜ್ವರ ಬಂದು ಹೋಗಿದೆಯಂತೆ.' 'ಮಗ ಬೇಡ ಹೇಳಿದ್ದಾನೆ, ಬೆಂಗಳೂರಿಂದ.' 'ಮದ್ದು ಬಿಡ್ಲಿಕ್ಕೆ ಜನ ಬಂದಿದ್ದಾರೆ.' ಒಂದು ಕಡೆ 'ನಾಯಿ' ಎಂದಷ್ಟೇ ಬರೆದಿತ್ತು. ಆ ಮನೆಯ ನಾಯಿ ಅವರನ್ನು ಅಂಗಳಕ್ಕೆ ಬಿಟ್ಟಿರಲಿಲ್ಲ. 'ಹೆದರಿಕೆ' ಎಂದು ಎಲ್ಲಾದರೂ ಉಂಟಾ ಎಂದು ಹುಡುಕಿದೆ. ಇತ್ತು, ಅಲ್ಲೊಂದು ಇಲ್ಲೊಂದು. ಹಾಳೆ ತುಂಬುವಷ್ಟು ಇರಲಿಲ್ಲ.

ಮುಂದಿನ ಹೆಜ್ಜೆಯಾಗಿ ಸರ್ಕಾರದ ಆದೇಶಗಳ ತಾರೀಕುಗಳನ್ನು ಒಂದು ಕಡೆ, ಊರಿನ ಪಂಚಾಂಗವನ್ನು ಇನ್ನೊಂದು ಕಡೆ ಇಟ್ಟುಕೊಂಡು ಕೂತೆ. ಮೂರನೇ ಡೋಸ್ ಕೊಡುತ್ತೇವೆ ಎಂದು ಪ್ರಧಾನಿ ಹೇಳಿದ್ದು 2021ರ ಡಿಸೆಂಬರ್ 25ರ ರಾತ್ರಿ. ಬೂಸ್ಟರ್ ಎನ್ನದೆ 'ಪ್ರಿಕಾಷನ್ ಡೋಸ್' ಎಂದರು. ಕನ್ನಡದ ಕಾಗದಗಳಲ್ಲಿ ಅದು 'ಮುನ್ನೆಚ್ಚರಿಕೆ ಡೋಸ್' ಆಯಿತು, ಜನರ ಬಾಯಲ್ಲಿ 'ಮೂರನೇದ್ದು'. 2022ರ ಜನವರಿ 10ರಿಂದ ಆರೋಗ್ಯ ಸಿಬ್ಬಂದಿಗೆ, ಮುಂಚೂಣಿಯವರಿಗೆ, ಬೇರೆ ಕಾಯಿಲೆ ಇರುವ 60 ದಾಟಿದವರಿಗೆ ಕೊಟ್ಟರು. ಮಾರ್ಚ್ 16ರಿಂದ 60 ದಾಟಿದ ಎಲ್ಲರಿಗೂ ಆಯಿತು. 18 ದಾಟಿದ ಉಳಿದವರಿಗೆ ಖಾಸಗಿ ಕೇಂದ್ರಗಳಲ್ಲಿ, ದುಡ್ಡು ಕೊಟ್ಟು, ಎಪ್ರಿಲ್ 10ರಿಂದ.

ಎಪ್ರಿಲ್ 10 ಎಂಬುದನ್ನು ಬರೆದುಕೊಂಡವನೇ ಪೆನ್ನು ಕೆಳಗಿಟ್ಟೆ. ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರುವ ದಿನ ಅದು! ಸೌರಮಾನದ ಜಾತ್ರೆ, ತಾರೀಕು ಆಚೀಚೆ ಆಗುವುದಿಲ್ಲ. ಎಪ್ರಿಲ್ 17ಕ್ಕೆ ಬ್ರಹ್ಮರಥ. 2020ರಲ್ಲಿ ಲಾಕ್‌ಡೌನಿನಿಂದ ಗದ್ದೆ ಖಾಲಿ ಬಿದ್ದಿತ್ತು. ಎರಡು ವರ್ಷ ಕಳೆದು ಹೆಗಲಿಗೆ ಹೆಗಲು ತಾಗಿಸಿ ದೇವರಮಾರು ಗದ್ದೆಯಲ್ಲಿ ನಿಂತವರಿಗೆ ಅದೇ ವಾರ 225 ರೂಪಾಯಿ ಲಸಿಕೆಗೆ, ಮೇಲೆ 150ರವರೆಗೆ ಸೇವಾ ಶುಲ್ಕ ತೆತ್ತು ಚುಚ್ಚಿಸಿಕೊಳ್ಳಿ ಎಂದರೆ? ಸಿಡಿಮದ್ದು ನೋಡಲು ಬಂದ ಆ ಜನಸಾಗರವೇ ಕೊರೊನಾ ಹೋಯಿತು ಎಂಬುದಕ್ಕೆ ಅವರ ಸಾಕ್ಷಿ. ಅದಕ್ಕೂ ಮೊದಲು, ಜನವರಿಯ ಓಮಿಕ್ರಾನ್ ಮನೆ ಮನೆಯಲ್ಲಿ ಎರಡು ದಿನದ ಜ್ವರವಾಗಿ ಬಂದು ಹೋಗಿತ್ತು.

ದುಡ್ಡಿನದೇ ತೊಡಕಾದರೆ ಧರ್ಮಕ್ಕೆ ಕೊಟ್ಟಾಗ ಜನ ಬರಬೇಕಿತ್ತು. ಕೊಟ್ಟದ್ದೂ ಹೌದು: 2022ರ ಜುಲೈ 15ರಿಂದ ಸೆಪ್ಟೆಂಬರ್ 30, ಅಮೃತ ಮಹೋತ್ಸವದ ಲೆಕ್ಕದಲ್ಲಿ 75 ದಿನ. ಎರಡನೇ ಡೋಸಿನಿಂದ 9 ತಿಂಗಳು ಕಾಯಬೇಕಿದ್ದದ್ದನ್ನೂ 6ಕ್ಕೆ ಇಳಿಸಿದ್ದರು. ಈ 75 ದಿನಗಳಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ಏನೇನಾಯಿತೆಂದು ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿ ನೋಡಿದರೆ, ದೆಹಲಿಯಲ್ಲಿ ಕೂತು ಆ ದಿನಗಳನ್ನು ಆರಿಸಿದವರ ಮೇಲೆ ಸಿಟ್ಟು ಬರುವುದಿಲ್ಲ, ಕನಿಕರ ಬರುತ್ತದೆ.

ಜೂನ್ 25 ಮತ್ತು 28ರಂದು ಸುಳ್ಯದ ಕಡೆ ಭೂಮಿ ಗುಡುಗಿ ನಡುಗಿತ್ತು. 28ರದ್ದರ ಕೇಂದ್ರ ಕೊಡಗಿನ ಚೆಂಬು. ಜುಲೈಯಲ್ಲೂ ಅದು ನಿಲ್ಲಲಿಲ್ಲ, ಪಾತ್ರೆ ಅಲುಗಿದರೆ ಮನೆಯವರೆಲ್ಲ ಅಂಗಳಕ್ಕೆ. ಜುಲೈ 26ರ ರಾತ್ರಿ ಬೆಳ್ಳಾರೆಯಲ್ಲಿ ಕೊಲೆ. 27ಕ್ಕೆ ಪುತ್ತೂರು, ಸುಳ್ಯ, ಕಡಬ ಬಂದ್. ಹಿಂದೆಯೇ ನಿಷೇಧಾಜ್ಞೆ, ಸಂಜೆ ಆರಕ್ಕೆ ಅಂಗಡಿ ಮುಚ್ಚುವ ಆದೇಶ. ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮನೆಯೊಂದರ ಇಬ್ಬರು ಮಕ್ಕಳು ತೀರಿಕೊಂಡರು. ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುವಿನ ಕಡೆ ಹೊಳೆ ತೋಟಕ್ಕೆ ನುಗ್ಗಿತು. ಅಕ್ಕನ ಪುಸ್ತಕದಲ್ಲಿ ಆ ವಾರದ ಹಾಳೆಯ ಮೇಲೆ ಒಂದು ಅಡ್ಡಗೀಟು, ಪಕ್ಕದಲ್ಲಿ 'ಫೀಲ್ಡ್ ಇಲ್ಲ'.

ಇಲ್ಲಿಗೆ ಮುಗಿಸಿದ್ದರೆ ಒಳ್ಳೆಯ ಲೇಖನವಾಗುತ್ತಿತ್ತು: ಮಳೆ, ಬಂದ್, ಭೂಕಂಪ, ಪಾಪ ಜನ. ಆದರೆ ಹಾಗೆ ಮುಗಿಸಲು ಬಿಡದ ಒಂದು ಸಂಗತಿ ನಮ್ಮ ಮನೆಯಲ್ಲೇ ನಡೆದಿತ್ತು. ಬಂದ್‌ನ ಮರುದಿನ, ಜುಲೈ 28, ಆಟಿ ಅಮಾವಾಸ್ಯೆ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ಆ ಹೊತ್ತಿನಲ್ಲೂ ನಮ್ಮ ಆಳು ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ಹಾಲೆ ಮರದ ಕೆತ್ತೆ ತಂದಿದ್ದ. ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ, ಕಾದ ಬೊಳ್ಗಲ್ಲಿನಿಂದ ಒಗ್ಗರಣೆ ಕೊಟ್ಟ ಆ ಕಷಾಯವನ್ನು ಮುಖ ಕಿವಿಚಿ ಎಲ್ಲರೂ ಕುಡಿದೆವು. ಮೇಲಿಂದ ಮೆಂತೆ ಗಂಜಿ. ವರ್ಷಕ್ಕೊಮ್ಮೆ, ತಪ್ಪದೆ, ಯಾರೂ ಡ್ಯೂ ಲಿಸ್ಟ್ ಹಿಡಿದು ಬಾಗಿಲಿಗೆ ಬರದಿದ್ದರೂ. ಕಷಾಯಕ್ಕೂ ಲಸಿಕೆಗೂ ವಿಜ್ಞಾನದ ಸಂಬಂಧ ಹೊಂದಿಸಲು ನಾನು ಹೊರಟಿಲ್ಲ. ಮತ್ತೆ ಮತ್ತೆ ತೆಗೆದುಕೊಳ್ಳುವುದೇ ನಮ್ಮವರಿಗೆ ಒಗ್ಗದು ಎಂಬ ಮಾತು ಸುಳ್ಳು ಎಂದಷ್ಟೇ ನನ್ನ ತಕರಾರು.

ಹಾಗಾದರೆ ಇದಕ್ಕೂ ಮೊದಲು, ಮಂಗನ ಕಾಯಿಲೆಯ ಲಸಿಕೆ ಬಂದಾಗ ಮಲೆನಾಡಿನಲ್ಲಿ ಏನಾಗಿತ್ತು? ಬೂಸ್ಟರ್ ಎಂಬುದು ಕರ್ನಾಟಕಕ್ಕೆ ಕೊರೊನಾದೊಟ್ಟಿಗೆ ಬಂದದ್ದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ನಮ್ಮ ನೆರೆಗೂ ಬಂದಿತ್ತು. 1982–83ರಲ್ಲಿ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆಯ ಕಡೆ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂದ ಲಸಿಕೆಯ ಕ್ರಮ ಹೀಗೆ: ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಉರಿಯುತ್ತದೆ ಎಂದು ಜನ ತಪ್ಪಿಸಿಕೊಳ್ಳುತ್ತಿದ್ದರು. 2005ರಿಂದ 2010ರವರೆಗಿನ ದಾಖಲೆ ಜಾಲಾಡಿದ ಒಂದು ಅಧ್ಯಯನದಲ್ಲಿ ಸಿಕ್ಕ ಲೆಕ್ಕವನ್ನು ಎರಡು ಸಲ ಓದಿದೆ. ಒಂದೇ ಡೋಸ್ ಪಡೆದವರಿಗೆ ರಕ್ಷಣೆ ಸಿಕ್ಕಿದ್ದೇ ಕಾಣಲಿಲ್ಲ, ಎರಡು ಪಡೆದವರಿಗೆ 62.4 ಶೇಕಡಾ, ಬೂಸ್ಟರೂ ಆದವರಿಗೆ 82.9. ಹೀಗಾಗಿ ಮೂರನೆಯದು ಎಲ್ಲ ಸಲವೂ ಬರೇ ಶಾಸ್ತ್ರಕ್ಕೆ ಎನ್ನುವಂತಿಲ್ಲ. ಆ ಲಸಿಕೆಯ ಕಸುವೇ ಇಳಿದಿದೆಯೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಿದ್ದು ಬೇರೆ ಕತೆ.

ನಮ್ಮವರು ಮೂರನೆಯದನ್ನು ಯಾಕೆ ಬಿಟ್ಟರು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಅಟ್ಟದಲ್ಲಿ. ಅಪ್ಪನ ಟ್ರಂಕಿನಲ್ಲಿ ಮೇಲೇ ಇದ್ದದ್ದು ದೊಡ್ಡಪ್ಪನ ಹಳದಿ ಪುಸ್ತಕ, ಗಲ್ಫಿಗೆ ಹೋಗುವವರು ಹಿಂದೆ ಪಾಸ್‌ಪೋರ್ಟಿನೊಂದಿಗೆ ಇಟ್ಟುಕೊಳ್ಳಬೇಕಿದ್ದ ಸಿಡುಬಿನ ಲಸಿಕೆಯ ಸರ್ಟಿಫಿಕೇಟು. ಅದರ ಅವಧಿ ಮೂರೇ ವರ್ಷ. ಅವರ ತೋಳಲ್ಲಿ ದಾಕಿನ ಕಲೆ ಹಲವು ಇದ್ದದ್ದು ರಜೆಗೆ ಬಂದು ಹೋದಷ್ಟು ಸಲ. 2022ರಲ್ಲೂ ಗಲ್ಫಿನವರ ಕತೆ ಅದೇ. ಸೌದಿಯ ಆ್ಯಪಿನಲ್ಲಿ ಹಸಿರು ಉಳಿಯಬೇಕಾದರೆ ಬೂಸ್ಟರ್ ಬೇಕಿತ್ತು. ವಿದೇಶಕ್ಕೆ ಹೋಗುವವರಿಗೆ ಇಲ್ಲಿ ಅಂತರವನ್ನು 90 ದಿನಕ್ಕೆ ಇಳಿಸಿದ್ದು ಮೇ ತಿಂಗಳಲ್ಲಿ. ಅಕ್ಕನ ಮೂರನೇ ಕಾಲಂನಲ್ಲಿ ಶಾಯಿಯ ತಾರೀಕು ಇದ್ದ ಕೆಲವು ಯುವಕರ ಸಾಲಿನಲ್ಲಿ ಅಂಚಿನ ಟಿಪ್ಪಣಿ: 'ದಮ್ಮಾಮ್.'

ಅದರ ಕೆಳಗೆ ಅಪ್ಪನ ತೋಟದ ಡೈರಿಗಳು. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ಸಿಂಪಡಿಸುವುದಕ್ಕೆ ನಮ್ಮಲ್ಲಿ 'ಮದ್ದು ಬಿಡುವುದು' ಎನ್ನುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವಾಗ ಒಂದು ಸಲ, ನಲ್ವತ್ತು ನಲ್ವತ್ತೈದು ದಿನಕ್ಕೆ ಇನ್ನೊಂದು, ಮಳೆ ಬಿಡದಿದ್ದರೆ ಮತ್ತೊಂದು. ಅಪ್ಪ ಅದಕ್ಕೂ ಮೂರು ಕಾಲಂ ಗೀಟು ಹಾಕಿದ್ದರು. ಒಂದನೇ ಮದ್ದು, ಎರಡನೇ ಮದ್ದು, ಮೂರನೇ ಮದ್ದು. ಅಕ್ಕನ ಪುಸ್ತಕವನ್ನೇ ಯಾರೋ ನಕಲು ಮಾಡಿದ ಹಾಗಿತ್ತು! ಮೊದಲ ಎರಡು ಕಾಲಂ ಪ್ರತಿವರ್ಷ ತುಂಬಿವೆ. ಮೂರನೆಯದು ಹೆಚ್ಚಿನ ವರ್ಷ ಖಾಲಿ, 2018ರಲ್ಲಿ ತುಂಬಿದೆ. ಆ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಿತ್ತು, ಕೊಳೆ ಜಿಲ್ಲೆಯ ತೋಟಗಳನ್ನು ತಿಂದಿತ್ತು.

ಮೂರನೇ ಡೋಸಿಗೆ ನಮ್ಮಪ್ಪನೂ ಹೋಗಿರಲಿಲ್ಲ. ನಾನು ಒತ್ತಾಯಿಸಿದಾಗ ಜಗಲಿಯಲ್ಲಿ ಅಡಿಕೆ ಕೆರೆಸುತ್ತಾ ಅವರು ಹೇಳಿದ್ದು ಒಂದೇ ಮಾತು: "ಮಳೆಯೇ ಇಲ್ಲದೆ ಮದ್ದೆಂತಕ್ಕೆ?" ಆಗ ಅದನ್ನು ನಗೆಮಾತು ಎಂದುಕೊಂಡಿದ್ದೆ. ಅದು ಅವರ ಎಪ್ಪತ್ತು ವರ್ಷದ ಕೃಷಿಯ ಲೆಕ್ಕಾಚಾರ. ಮೂರನೆಯದನ್ನು ಅವರು ಯಾವತ್ತೂ ನಿರಾಕರಿಸಿದವರಲ್ಲ, ಆಕಾಶ ನೋಡಿ ತೀರ್ಮಾನಿಸುವವರು. ಈ ಲೆಕ್ಕದಲ್ಲಿ ಒಂದು ತೂತು ಇದೆ, ಅದನ್ನು ನಾನು ಅವರಿಗೆ ಹೇಳಿದ್ದೆ ಕೂಡ: ಮಳೆ ಮೊದಲು ಕಾಣುತ್ತದೆ, ಕೊಳೆ ಆಮೇಲೆ. ವೈರಸ್ಸಿಗೆ ಮೋಡ ಕಟ್ಟುವುದಿಲ್ಲ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಶ್ವಾಸಕೋಶಕ್ಕೆ ಕಾದು ನೋಡುವ ಸಮಯ ಇರುವುದಿಲ್ಲ. ಕೊಳೆ ಬಂದ ಗೊನೆಗೆ ಮದ್ದು ಬಿಟ್ಟು ಏನು ಪ್ರಯೋಜನ? ಅದಕ್ಕೆ ಅವರು ಉತ್ತರ ಕೊಡದೆ ಇನ್ನೊಂದು ಅಡಿಕೆ ತೆಗೆದುಕೊಂಡರು.

ಮೋಡ ಕಟ್ಟಿದ್ದು 2022ರ ಡಿಸೆಂಬರಿನಲ್ಲಿ. ಚೀನಾದ ಆಸ್ಪತ್ರೆಗಳ ಚಿತ್ರ ಟೀವಿಯಲ್ಲಿ ಬಂತು, ಬಿಎಫ್.7 ಎಂಬ ಹೆಸರು ಬಂತು. ಅಕ್ಕನ ಫೋನು ಎರಡೇ ದಿನದಲ್ಲಿ ಬಿಸಿಯಾಯಿತಂತೆ. ಆದರೆ ಕೋವಿಶೀಲ್ಡ್ ತಯಾರಿಕೆಯನ್ನು ಸೀರಂ ಕಂಪೆನಿ ಒಂದು ವರ್ಷದ ಹಿಂದೆಯೇ ನಿಲ್ಲಿಸಿತ್ತು, ಬೇಡಿಕೆ ಇಲ್ಲವೆಂದು. ರಾಜ್ಯದ ದಾಸ್ತಾನಿನಲ್ಲಿ ಕೊವ್ಯಾಕ್ಸಿನ್ ಇತ್ತು, ನಮ್ಮೂರಿನ ಹೆಚ್ಚಿನವರಿಗೆ ಮೊದಲೆರಡು ಆದದ್ದು ಕೋವಿಶೀಲ್ಡ್. "ಮೊದಲು ಬಾಟ್ಲಿ ಇತ್ತು, ಹತ್ತು ಜನ ಇರ್ಲಿಲ್ಲ," ಎಂದರು ಅಕ್ಕ. ಹತ್ತು ಡೋಸಿನ ವಯಲು, ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಬಸ್ಸು ಹತ್ತಿ ಬಂದ ಮೂವರನ್ನು 'ಬುಧವಾರ ಬನ್ನಿ' ಎಂದು ಕಳಿಸಿದ್ದು ಅವರಿಗೆ ಇನ್ನೂ ಹೊಟ್ಟೆಯಲ್ಲಿ ಚುಚ್ಚುತ್ತಿತ್ತು. "ಮತ್ತೆ ಜನ ಇದ್ದರು, ಬಾಟ್ಲಿ ಇಲ್ಲ."

ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಡಿಸೆಂಬರಿನ ಕರೆಗಳ ಪಟ್ಟಿ. ಅವರು ಸ್ಕೇಲ್ ಸರಿಸಿ ಒಂದು ಸಾಲು ಮಾತ್ರ ತೋರಿಸಿದರು. ನಮ್ಮ ಮನೆಯ ನಂಬರು. ಎದುರಿಗೆ, 'ಅಪ್ಪನಿಗೆ ಕೇಳಿದರು. ಕೋವಿಶೀಲ್ಡ್ ಇಲ್ಲ ಹೇಳಿದೆ.' ಫೋನು ಮಾಡಿದ್ದು ನಾನಲ್ಲ. ನನ್ನ ಹೆಂಡತಿಯನ್ನು ಕೇಳಿದೆ, ಅವಳೂ ಅಲ್ಲ.

ಮೂರನೇ ಕಾಲಂನಲ್ಲಿ ಅಪ್ಪನ ಸಾಲಿಗೆ ಇವತ್ತಿಗೂ ಬರೆದಿರುವುದು 'ಬಾಕಿ'.