ವಿಹಾರ ಮೋಟಾರು ದೋಣಿಗೆ ಸೂಕ್ತ ಪ್ರೊಪೆಲ್ಲರ್ ಆಯ್ಕೆ

ತರೀಕೆರೆ ತಾಲ್ಲೂಕು ಲಕ್ಕವಳ್ಳಿಯ ಭದ್ರಾ ಜಲಾಶಯದಂತಹ ಒಳನಾಡು ಜಲಪ್ರದೇಶಗಳಲ್ಲಿ ದೋಣಿ ನಡೆಸಲು ಇಚ್ಛಿಸುವ ಹಿರೇನಲ್ಲೂರು ಹಾಗೂ ಸುತ್ತಲಿನ ಅರ್ಜಿದಾರರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಅಳತೆ: ಪ್ರೊಪೆಲ್ಲರಿನ ಮೇಲೆ 13 x 19 ಎಂದಿದ್ದಲ್ಲಿ ವ್ಯಾಸ 13 ಇಂಚು, ಪಿಚ್ 19 ಇಂಚು ಎಂದರ್ಥ. ಪಿಚ್ ಎಂದರೆ ನೀರಿನಲ್ಲಿ ಜಾರದೆ ಒಂದು ಸುತ್ತಿಗೆ ಮುಂದೆ ಸಾಗಬಹುದಾದ ದೂರ.

2. ಪರೀಕ್ಷೆ: ಎಂದಿನಷ್ಟು ಪ್ರಯಾಣಿಕರು, ಇಂಧನ ಹಾಗೂ ಸಾಮಾನುಗಳ ಭಾರದೊಡನೆ ಪೂರ್ಣ ವೇಗದಲ್ಲಿ ಓಡಿಸಿ, ಇಂಜಿನ್ನಿನ ನಿಮಿಷವಾರು ಸುತ್ತುಗಳನ್ನು ಗಮನಿಸತಕ್ಕದ್ದು. ತಯಾರಕರು ಸೂಚಿಸಿದ ಮಿತಿಗಿಂತ ಕಡಿಮೆಯಿದ್ದಲ್ಲಿ ಕಡಿಮೆ ಪಿಚ್, ಹೆಚ್ಚಿದ್ದಲ್ಲಿ ಹೆಚ್ಚು ಪಿಚ್ ಆರಿಸತಕ್ಕದ್ದು. ಪಿಚ್‌ನಲ್ಲಿ 1 ಇಂಚಿನ ವ್ಯತ್ಯಾಸಕ್ಕೆ ಸುಮಾರು 150ರಿಂದ 200 ಸುತ್ತುಗಳು ಬದಲಾಗುತ್ತವೆ. ಖಾಲಿ ದೋಣಿಯಲ್ಲಿ ಪರೀಕ್ಷಿಸಿ ಆರಿಸಿದ ಪ್ರೊಪೆಲ್ಲರ್ ಭಾರವಿದ್ದಾಗ ಇಂಜಿನ್ನಿಗೆ ಹೊರೆಯಾಗಿ ಹಾನಿಯುಂಟುಮಾಡಬಹುದು.

3. ಲೋಹ: ಅಲ್ಯೂಮಿನಿಯಂ ಅಗ್ಗ, ಕಲ್ಲಿಗೆ ತಗುಲಿದರೆ ರೆಕ್ಕೆ ಬಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ. ಆದರೆ ಪೆಟ್ಟು ಗೇರಿಗೆ ತಲುಪಬಹುದು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿಯುವುದರಿಂದ ಅಲ್ಯೂಮಿನಿಯಂ ಸೂಕ್ತ. ಜೊತೆಗೆ ಒಂದು ಹೆಚ್ಚುವರಿ ಪ್ರೊಪೆಲ್ಲರ್ ಇರಿಸಿಕೊಳ್ಳುವುದು.

4. ಸುರಕ್ಷತೆ: ನೀರಿನಲ್ಲಿರುವವರನ್ನು ದೋಣಿಗೆ ಹತ್ತಿಸಿಕೊಳ್ಳುವ ಮುನ್ನ ಇಂಜಿನ್ ನಿಲ್ಲಿಸತಕ್ಕದ್ದು.

ವಿ.ಸೂ.: ಯಾಂತ್ರಿಕ ದೋಣಿಗಳ ಸರ್ವೆ ಮತ್ತು ನೋಂದಣಿಗೆ ಒಳನಾಡು ಹಡಗುಗಳ ಅಧಿನಿಯಮ, 2021 ಅನ್ವಯಿಸುತ್ತದೆ.