ನಾಯಿಗೆ ಫೀಸು ಎಷ್ಟು?

ಪುಣೆಗೆ ಬಂದು ಮೂವತ್ತು ವರ್ಷ ಆಯ್ತು. ಇಲ್ಲಿ ಮಕ್ಕಳ ಮಾನಸಿಕ ಚಿಕಿತ್ಸೆಗೆ ನಾಯಿಯನ್ನೂ ಕರೆತರುತ್ತಾರೆ ಅಂದರೆ ಊರಿನವರು ಇಂದಿಗೂ ನಗುತ್ತಾರೆ. ನಗಲಿ ಬಿಡಿ, 1961ರಲ್ಲಿ ಅಮೆರಿಕದ ವಿದ್ವಾಂಸರೇ ನಕ್ಕಿದ್ದರು.

ನ್ಯೂಯಾರ್ಕಿನ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ಬಳಿಗೆ ಯಾರೊಂದಿಗೂ ಬೆರೆಯದ ಹುಡುಗನೊಬ್ಬನನ್ನು ತಾಯಿ ಕರೆತಂದಳು. ಹಿಂದಿನ ಚಿಕಿತ್ಸೆಗಳು ಫಲಿಸಿರಲಿಲ್ಲ, ಆಸ್ಪತ್ರೆಗೆ ಸೇರಿಸುವ ಮಾತು ನಡೆದಿತ್ತು. ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದಿದ್ದರಿಂದ ಲೆವಿನ್ಸನ್ನರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಓಡಿಬಂದು ಹುಡುಗನನ್ನು ನೆಕ್ಕಿತು. ಅವನು ಹೆದರಲಿಲ್ಲ, ಅದರ ಮೈ ಸವರತೊಡಗಿದ! ಮುಂದಿನ ಕೆಲವು ಭೇಟಿಗಳಲ್ಲಿ ಆಟವೆಲ್ಲ ನಾಯಿಯ ಜೊತೆಗೇ. ಆಮೇಲೆ ನಿಧಾನವಾಗಿ ಲೆವಿನ್ಸನ್ನರನ್ನೂ ಆಟಕ್ಕೆ ಸೇರಿಸಿಕೊಂಡ.

ಇದನ್ನು ಸಭೆಯಲ್ಲಿ ಹೇಳಿದಾಗ, ಫೀಸಿನಲ್ಲಿ ನಾಯಿಯ ಪಾಲೆಷ್ಟು ಅಂತ ಕೆಲವರು ಕೇಳಿದರಂತೆ. (ಬ್ಯಾಂಕಿನವನಾದ ನನಗೆ ಪ್ರಶ್ನೆ ಹಿಡಿಸಿತು.) ಅವರು ಸುಮ್ಮನಾಗಲಿಲ್ಲ. 1962ರಲ್ಲಿ ಲೇಖನ ಬಂತು, 1969ರಲ್ಲಿ ಪುಸ್ತಕ.

2000ರ ದಶಕದಲ್ಲಿ ಮನೋವಿಜ್ಞಾನಿ ಮೀನಲ್ ಕವಿಶ್ವರ್ ಅವರ ಅನಿಮಲ್ ಏಂಜಲ್ಸ್ ಸಂಸ್ಥೆ ನಮ್ಮ ದೇಶದಲ್ಲೂ ಈ ದಾರಿ ಹಿಡಿಯಿತು. ನಾಯಿಯೇ ಗುಣ ಮಾಡುತ್ತದೆ ಅಂದುಕೊಳ್ಳಬೇಡಿ. ಅದು ಬಾಗಿಲು ತೆಗೆಯುತ್ತದೆ, ಒಳಗಿನ ಕೆಲಸ ತಜ್ಞರದ್ದೇ. ನಾಯಿಗೂ ಲಸಿಕೆ, ತರಬೇತಿ, ಸಾಧು ಸ್ವಭಾವ ಬೇಕು. ಹೆದರುವ ಮಗುವಿಗೆ ಬಲವಂತವಂತೂ ಸಲ್ಲದು.

'ಹುಚ್ಚು' ಎಂಬ ಮಾತಿಗಂಜಿ ನಮ್ಮವರು ಎಷ್ಟೋ ಮಂದಿ ಮಕ್ಕಳನ್ನು ತಜ್ಞರ ಹತ್ತಿರ ಕರೆದೊಯ್ಯುವುದೇ ಇಲ್ಲ. ಆದರೆ ನಾಯಿ ನೋಡೋಕೆ ಹೋಗೋಣ ಅಂದರೆ ಮಗುವೂ ಹೊರಡುತ್ತದೆ, ಅಜ್ಜಿಯೂ ತಡೆಯಲಾರಳು. ಜೇಜುರಿಯ ಖಂಡೋಬನ ಜೊತೆಗೂ ನಾಯಿ ಇದೆಯಲ್ಲ... ಆತ ನಮ್ಮ ಮೈಲಾರನೇ ತಾನೆ!